ಹಾಲಗಟ್ಟಿಯ ಬಾವಿ, ಸಾಹುಕಾರರ ಜೀಪು

ಹೋದ ವರ್ಷ ಮೊಮ್ಮಗಳ ಮದುವೆಗೆಂದು ಜಮಖಂಡಿಗೆ ಹೋಗಿದ್ದೆ. ಮದುವೆಯ ಹಿಂದಿನ ದಿನ ಮಂಗಲ ಕಾರ್ಯಾಲಯದ ಮಾಳಿಗೆಯ ಮೇಲೆ ಇಬ್ಬರು ಆಳುಗಳು ನೀರಿನ ಟಾಕಿ ತೊಳೆಯುತ್ತಿದ್ದರು. ಬ್ಲೀಚಿಂಗ್ ಪೌಡರಿನ ವಾಸನೆ ಮೆಟ್ಟಿಲಿಳಿದು ಅಡಿಗೆಯವರ ತನಕ ಬಂತು. ಬೀಗರ ಕಡೆಯ ಹೆಣ್ಣುಮಕ್ಕಳು ಮೂಗಿಗೆ ಸೆರಗು ಹಿಡಿದು ಆಚೆ ಹೋದರು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. "ಒಳಗ ಬರ್ರಿ ಅಪ್ಪಾ, ಕಣ್ಣು ಉರೀತಾವು" ಎಂದು ಮಗ ಕರೆದ. ನಾನು ಏಳಲಿಲ್ಲ. ಅದೇ ಪುಡಿಯ ತಗಡಿನ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಇದೇ ತಾಲ್ಲೂಕಿನ ಕಲ್ಲುದಾರಿಗಳಲ್ಲಿ ತಿರುಗಿದ್ದ ಆ ವರ್ಷ ಒಂದೊಂದಾಗಿ ನೆನಪಿಗೆ ಬರತೊಡಗಿತ್ತು.

ಆಗ ನಮ್ಮದು ಮುಂಬಯಿ ರಾಜ್ಯ. ನಾನು ಗದಗಿನ ಕಡೆಯವನು. ಪುಣೆಯಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರ್ ಪರೀಕ್ಷೆ ಪಾಸು ಮಾಡಿದವನಿಗೆ ಜಮಖಂಡಿಗೆ ನೇಮಕದ ಆರ್ಡರು ಬಂತು. ಕುಡಚಿ ಸ್ಟೇಷನ್ನಿನಲ್ಲಿ ರೈಲು ಇಳಿದು, ಧೂಳು ತುಂಬಿದ ಬಸ್ಸಿನಲ್ಲಿ ಊರು ಸೇರಿದೆ. ಜಮಖಂಡಿ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಗಿ ಬಹಳ ಕಾಲವಾಗಿರಲಿಲ್ಲ. ಕಚೇರಿಯ ಹಳೆಯ ಗುಮಾಸ್ತರು ಇನ್ನೂ ಮರಾಠಿಯ ಮೋಡಿ ಅಕ್ಷರದಲ್ಲೇ ಟಿಪ್ಪಣಿ ಬರೆಯುತ್ತಿದ್ದರು. "ಸರಕಾರ" ಎಂದರೆ ಕೆಲವರಿಗೆ ಮುಂಬಯಿ, ಕೆಲವರಿಗೆ ಇನ್ನೂ ಅರಮನೆ. ಎಲ್ಲರಿಗೂ ಮತ ಕೊಡುವ ಮೊದಲ ಚುನಾವಣೆ ಬರಲಿಕ್ಕಿತ್ತು. ಹೆಣ್ಣಾಳಿಗೂ ಒಂದು ಮತ, ಸಾಹುಕಾರನಿಗೂ ಒಂದೇ ಮತ ಎಂಬುದನ್ನು ಚಹದ ಅಂಗಡಿಯಲ್ಲಿ ಜನ ನಂಬಲೋ ಬೇಡವೋ ಎಂಬಂತೆ ಮಾತಾಡಿಕೊಳ್ಳುತ್ತಿದ್ದರು.

ನನ್ನ ಮುಖ್ಯ ಕೆಲಸ ಬಾವಿಗಳದು. ಊರೂರು ತಿರುಗಿ ಕುಡಿಯುವ ನೀರಿಗೆ ಔಷಧ ಹಾಕುವುದು, ಯಾವ ಬಾವಿ ಹೇಗಿದೆ ಎಂದು ವರದಿ ಕೊಡುವುದು. ಹಾಗೆ ತಿರುಗುತ್ತ ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಹಾಲಗಟ್ಟಿಗೆ ಹೋದೆ. ಜಮಖಂಡಿಯಿಂದ ಬೀಳಗಿಯ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಕಲ್ಲು ನೆಲದ ಸಣ್ಣ ಊರು. ಕೃಷ್ಣಾ ಹೊಳೆ ಅಲ್ಲಿಂದ ದೂರ. ಕುರಿ ಸಾಕಿ, ಕಂಬಳಿ ನೇಯ್ದು, ಮಳೆ ಬಂದಾಗ ಸಜ್ಜೆ ಬಿತ್ತುವ ಬೀರದೇವರ ಒಕ್ಕಲು ಹೆಚ್ಚು. ಕಿರಾಣಿ ಅಂಗಡಿಯಿಟ್ಟುಕೊಂಡ ಜೈನರ ಮನೆ ಒಂದು.

ಊರು ಹೊಕ್ಕುವ ಮುಂಚೆಯೇ ನನಗೆ ಏನೋ ಸರಿಯಿಲ್ಲ ಅನಿಸಿತು. ಭೂಮಿ ಹದಕ್ಕೆ ಬಂದಿತ್ತು. ಆದರೆ ಹೊಲದಲ್ಲಿ ಕೂರಿಗೆ ಹಿಡಿದವರು ಹೆಂಗಸರು. ಎತ್ತು ಹೊಡೆಯುವವರೂ ಹೆಂಗಸರೇ, ಅವರಲ್ಲೂ ಕೆಲವರು ಕಾಲಿಗೆ ಬಟ್ಟೆ ಕಟ್ಟಿಕೊಂಡು ಕುಂಟುತ್ತಿದ್ದರು. ಊರೊಳಗೆ ಬಂದರೆ ಮನೆ ಮನೆಯ ಕಟ್ಟೆಯ ಮೇಲೆ ಗಟ್ಟಿಮುಟ್ಟಾದ ಗಂಡಸರು ಕಾಲು ಚಾಚಿ ಕೂತಿದ್ದರು. ಒಬ್ಬೊಬ್ಬರ ಪಾದವೂ ಬಾತು ಹೋಗಿತ್ತು.

ಮೊದಲ ಮನೆಯ ಕಟ್ಟೆಯ ಮೇಲಿದ್ದವನು ಬೀರಪ್ಪ, ಮೂವತ್ತರ ಆಸುಪಾಸಿನವನು. ಅವನ ಕಣಕಾಲಿನ ಹುಣ್ಣಿನಿಂದ ಬಿಳಿಯ ದಾರದಂಥದೊಂದು ಹೊರಗೆ ಬಂದಿತ್ತು. ಅದನ್ನು ಜೋಳದ ದಂಟಿನ ಚೂರಿಗೆ ಸುತ್ತಿ ಬಟ್ಟೆಯಿಂದ ಕಟ್ಟಿಕೊಂಡಿದ್ದ. ದಿನಕ್ಕೆ ಒಂದಿಷ್ಟು ಸುತ್ತಬೇಕು. ಅವಸರ ಮಾಡಿ ಹರಿದರೆ ಕಾಲು ತೊಡೆಯ ತನಕ ಬಾಯುತ್ತದೆ. ಅದು ನಾರುಹುಣ್ಣಿನ ಹುಳು, ಆ ಕಡೆ ಬರೀ ನಾರು ಅನ್ನುತ್ತಾರೆ. ಪುಣೆಯಲ್ಲಿ ಗಾಜಿನ ಬಾಟಲಿಯಲ್ಲಿಟ್ಟದ್ದನ್ನು ನೋಡಿದ್ದೆ. ಮನುಷ್ಯನ ಕಾಲಿನಲ್ಲಿ ಜೀವಂತ ನೋಡಿದ್ದು ಅದೇ ಮೊದಲು.

"ಪ್ರತಿ ವರ್ಷ ಬರತೈತೇನು?" ಎಂದು ಕೇಳಿದೆ.

"ಹ್ವಾದ ವರ್ಸ ಆ ಕಾಲು, ಈ ವರ್ಸ ಈ ಕಾಲರಿ," ಎಂದ. "ಅದರ ಮದಲ ಮೊಳಕಾಲಾಗ ಬಂದಿತ್ತು."

ಅಷ್ಟರಲ್ಲಿ ಅವನ ಹೆಂಡತಿ ಮಾಳವ್ವ ಬಿತ್ತುವ ಬೀಜ ಒಯ್ಯಲು ಹೊಲದಿಂದ ಬಂದಳು. ಕೈ ಕಾಲೆಲ್ಲ ಕೆಸರು. ನನ್ನನ್ನು ಮೇಲೆ ಕೆಳಗೆ ನೋಡಿ, "ಸಾಹೇಬ್ರ, ಬಿತ್ತಾಕ ಹದ ಇರೂದು ನಾಕ ದಿನ. ಆ ನಾಕ ದಿನದಾಗನ ಈ ಊರಾಗಿನ ಗಂಡಸರೆಲ್ಲಾ ಕುಂತಿರತಾರ. ನಾರಿಗೆ ನಮ್ಮ ಪಂಚಾಂಗ ಗೊತ್ತೈತಿ ಕಾಣಸ್ತೈತ್ರಿ" ಅಂದಳು. ನಗಿಸಲು ಹೇಳಿದ ಮಾತಲ್ಲ. ಬೀಜದ ಚೀಲ ತಲೆಗೇರಿಸಿಕೊಂಡು ಹೋಗಿಯೇಬಿಟ್ಟಳು.

ಆಮೇಲೆ ಬಾವಿ ನೋಡಲು ಹೋದೆ. ಅಂಥ ಚಂದದ ಬಾವಿಯನ್ನು ಆ ತಾಲ್ಲೂಕಿನಲ್ಲಿ ನಾನು ನೋಡಿರಲಿಲ್ಲ. ಅಗಲವಾದ ಕಲ್ಲಿನ ಮೆಟ್ಟಿಲು ನೀರಿನ ತನಕ ಇಳಿಯುತ್ತಿದ್ದವು. ಪಕ್ಕದ ಗೋಡೆಯಲ್ಲಿ ದೀಪವಿಡುವ ಗೂಡುಗಳು. ಕೆಳಗಿನ ಮೆಟ್ಟಿಲ ಹತ್ತಿರ, ಪಾಚಿ ಕಟ್ಟಿದ ಒಂದು ಕಲ್ಲಿನ ಮೇಲೆ ಕಟ್ಟಿಸಿದವರ ಹೆಸರು. ಹಿಂದೊಂದು ದೊಡ್ಡ ಬರದಲ್ಲಿ ಇದೇ ಊರಿನ ಸಾಹುಕಾರರೊಬ್ಬರು ಜನಕ್ಕೆ ಕೂಲಿ ಸಿಗಲೆಂದು ತೋಡಿಸಿದ್ದಂತೆ. ನಾನು ನೋಡುತ್ತಿದ್ದಂತೆಯೇ ಇಬ್ಬರು ಹುಡುಗಿಯರು ಮೊಳಕಾಲುದ್ದ ನೀರಿಗಿಳಿದು, ಅಂಗೈಯಿಂದ ಕಸ ಸರಿಸಿ ಕೊಡ ಮುಳುಗಿಸಿದರು. ಅವರ ಪಕ್ಕದಲ್ಲೇ ಒಬ್ಬ ಮುದುಕ ಉರಿ ತಣಿಯಲೆಂದು ನಾರಿನ ಕಾಲನ್ನು ನೀರಲ್ಲಿ ಇಳಿಬಿಟ್ಟು ಕೂತಿದ್ದ. ಪುಸ್ತಕದಲ್ಲಿ ಚಿತ್ರ ಬರೆದು ಬಾಣದ ಗುರುತು ಹಾಕಿ ಕಲಿಸಿದ್ದೆಲ್ಲ ಅಲ್ಲಿ ಒಂದೇ ನೋಟಕ್ಕೆ ಸಿಕ್ಕಿತು.

ಮುಂದಿನ ಸಲ ಹೋದಾಗ ಬೀರಪ್ಪನ ಕಟ್ಟೆಯ ಮುಂದೆ ಸೇರಿದವರಿಗೆ ಆ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದು ತೋರಿಸಿದೆ. ಕಣ್ಣಿಗೆ ಕಂಡೂ ಕಾಣದಂಥ ಹುಳುಗಳು ಪುಟಿಯುತ್ತಿದ್ದವು. ಹುಣ್ಣಿನ ಕಾಲು ನೀರಿಗಿಳಿದಾಗ ನಾರು ಅಲ್ಲಿ ಮರಿ ಬಿಡುತ್ತದೆ, ಮರಿಯನ್ನು ಈ ಹುಳು ನುಂಗುತ್ತದೆ, ಹುಳುವನ್ನು ನಾವು ಕುಡಿಯುತ್ತೇವೆ ಎಂದು ಹೇಳಿದೆ.

ಮಾಳವ್ವ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. "ಇಷ್ಟು ಸಣ್ಣದರಾಗ ಅಷ್ಟುದ್ದಂದು ಹೆಂಗ ಇರತೈತ್ರಿ?"

"ಬೀಜದಾಗ ಗಿಡ ಇರೂದಿಲ್ಲೇನವ್ವಾ?"

"ಬೀಜ ನಾಕ ದಿನಕ್ಕ ಮೊಳಿತೈತ್ರಿ."

"ಇದಕ್ಕ ಒಂದು ವರ್ಷ ಬೇಕು. ಹೊಟ್ಟ್ಯಾಗಿಂದ ಕಾಲಿಗೆ ಇಳಿಯಾಕ ಪೂರಾ ಒಂದು ವರ್ಷ."

ಅವಳು ಬಾಟಲಿ ಕೆಳಗಿಟ್ಟಳು. ಆಮೇಲೆ ಗಂಡನ ಕಾಲಿನ ಕಡೆ ನೋಡಿ, "ಹಂಗಾದ್ರ ಇದು ಹ್ವಾದ ವರ್ಸದ ಬ್ಯಾಸಗ್ಯಾಗ ಕುಡದ ನೀರು" ಅಂದಳು. ಅಲ್ಲಿದ್ದವರಲ್ಲಿ ವರ್ಷದ ಲೆಕ್ಕವನ್ನು ಮೊದಲು ಹಿಡಿದವಳು ಅವಳೇ.

ಕುಡಿಯುವ ನೀರಿಗೆ ಹಾಕುವಷ್ಟು ಪುಡಿಗೆ ಈ ಹುಳು ಸಾಯುವುದಿಲ್ಲ. ಆದರೂ ಪರಿಹಾರ ಕಷ್ಟದ್ದೇನಲ್ಲ. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಏರಿಸಿ, ಗಡಗಡಿ ಹಾಕಿ ಹಗ್ಗದಿಂದ ನೀರು ಸೇದುವ ಬಾವಿ ಮಾಡಿದರೆ ಕಾಲು ನೀರಿಗೆ ತಾಗುವುದಿಲ್ಲ. ಅದಕ್ಕೆಂದೇ ಸರಕಾರದ ಹಣ ಬಂದಿತ್ತು. ಯಾವ ಊರಿಗೆ ಮೊದಲು ಎಂಬುದನ್ನು ನಿರ್ಧರಿಸುವ ಕಮಿಟಿಗೆ ಜಮಖಂಡಿಯ ಶಿವಪ್ಪ ವಕೀಲರು ಅಧ್ಯಕ್ಷರು. ಚಲೇಜಾವ್ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು, ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ನನ್ನ ವರದಿ ಓದಿ ತಾವೇ ಹಾಲಗಟ್ಟಿಗೆ ಬಂದರು. ಬೀರಪ್ಪನ ಪಕ್ಕದಲ್ಲಿ ಕೂತು, ದಂಟಿಗೆ ನಾರು ಸುತ್ತುವುದನ್ನು ಮುಖ ತಿರುಗಿಸದೆ ನೋಡಿದರು. ಹೊರಡುವಾಗ, "ದಸರಾ ಮುಗೀತಿದ್ದಂಗ ಗೌಂಡ್ಯಾರು ಬರ್ತಾರ. ಬ್ಯಾಸಗಿ ಒಳಗ ಬಾಂವಿ ಆಗತೈತಿ" ಎಂದು ಎಲ್ಲರೆದುರು ಹೇಳಿದರು.

ಮಳೆಗಾಲ ಆ ಮಾತಿನ ಬಲದ ಮೇಲೆ ಕಳೆಯಿತು. ಗಂಡಸರ ಹುಣ್ಣು ಮಾಗಿ ಒಬ್ಬೊಬ್ಬರೇ ಎದ್ದು ಓಡಾಡತೊಡಗಿದರು. ತಡವಾಗಿ ಬಿತ್ತಿದ ಸಜ್ಜೆ ಮೊಳಕಾಲುದ್ದಕ್ಕೇ ತೆನೆ ಹಾಯಿತು. ದಸರಾ ಮುಗಿಯಿತು. ಕಲ್ಲು ಕಟ್ಟುವ ಗೌಂಡಿಗಳು ಬರಲಿಲ್ಲ. ಕಚೇರಿಗೆ ಬಂದ ಕಾಗದದಲ್ಲಿ ಆ ವರ್ಷ ಕೆಲಸವಾಗುವ ಊರುಗಳ ಹೆಸರುಗಳಿದ್ದವು, ಹಾಲಗಟ್ಟಿ ಇರಲಿಲ್ಲ. ಅದರ ಜಾಗದಲ್ಲಿ ದೊಡ್ಡ ರಸ್ತೆಯ ಬದಿಗಿದ್ದ, ನಾರು ಎಂದರೆ ಏನೆಂದೇ ಅರಿಯದ ಒಂದೂರಿನ ಹೆಸರಿತ್ತು.

ನಾನು ಅವತ್ತೇ ವಕೀಲರನ್ನು ಕಾಣಲು ಹೋದೆ. ಅಷ್ಟು ಹೊತ್ತಿಗೆ ಅವರು ಅಸೆಂಬ್ಲಿಗೆ ನಿಂತಿದ್ದರು. ಅವರ ಚುನಾವಣಾ ಆಫೀಸು ಇದ್ದದ್ದು ಮಲ್ಲಪ್ಪ ಸಾಹುಕಾರರ ಹತ್ತಿ ಜಿನ್ನಿನ ಕಾರ್ಖಾನೆಯ ಅಂಗಳದಲ್ಲಿ. ಮಲ್ಲಪ್ಪನವರು ಹಾಲಗಟ್ಟಿಯ ಬಾವಿ ತೋಡಿಸಿದ ಸಾಹುಕಾರರ ಮೊಮ್ಮಗ. ಅವರಪ್ಪನ ಕಾಲಕ್ಕೇ ಊರು ಬಿಟ್ಟು ಜಮಖಂಡಿ ಸೇರಿದ್ದರು. ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಚಪ್ಪರದ ಕೆಳಗೆ ಕಾರ್ಯಕರ್ತರು ರೊಟ್ಟಿ, ಝುಣಕ, ಶೇಂಗಾ ಹಿಂಡಿ ಉಣ್ಣುತ್ತಿದ್ದರು.

ವಕೀಲರು ನನ್ನನ್ನು ಹತ್ತಿಯ ಮೂಟೆಗಳ ಆಚೆಗೆ ಕರೆದುಕೊಂಡು ಹೋದರು. ನಾನು ಕೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

"ಇನ್ಸ್‌ಪೆಕ್ಟರ್ರ, ನಿಮಗ ಸುಳ್ಳು ಹೇಳೂದಿಲ್ಲ," ಎಂದರು. "ಈ ಮತಕ್ಷೇತ್ರ ನೋಡ್ರಿ, ಎಷ್ಟು ಊರು, ಎಂಥಾ ದಾರಿ. ನನ್ನ ಕಡೆ ಇರೂದು ಒಂದು ಕರೀ ಕೋಟು. ಸಾಹುಕಾರ್ರು ಜೀಪು ಕೊಟ್ಟಾರ, ಪೆಟ್ರೋಲು ಹಾಕಾಕತ್ತಾರ, ಹುಡುಗೂರಿಗೆ ಎರಡೂ ಹೊತ್ತು ಊಟಕ್ಕ ನೀಡಾಕತ್ತಾರ. ಒಂದು ದಿನಾನೂ ನನ್ನ ಕಡೆ ಏನೂ ಬೇಡಿಲ್ಲ."

"ಮತ್ತ ಹಾಲಗಟ್ಟಿ ಹೆಸರು ಯಾಕ ಹೋತ್ರಿ?"

"ಉಣ್ಣಾಕ ಕುಂತಾಗ ಒಂದ ಮಾತಂದ್ರು. ನಮ್ಮಜ್ಜನ ಬಾಂವಿ ಒಡಿಯೂದು ನನ್ನ ಕಣ್ಣಿಂದ ನೋಡಾಕ ಆಗೂದಿಲ್ಲ ಅಂದ್ರು. ಅಷ್ಟ. ಅವರ ಮನಿ ಊಟದ ಮುಂದ ಕುಂತಿದ್ದೆ. ಆತು, ಈ ವರ್ಷ ಬಿಡೂಣು ಅಂದೆ." ಮತ್ತೆ ನನ್ನ ತೋಳು ಹಿಡಿದು, "ಒಂದ ವರ್ಷದ ಮಾತು. ಚುನಾವಣಿ ಮುಗೀಲಿ, ಮದಲ ಹಾಲಗಟ್ಟೀನ ಹಿಡಿಯೂಣು" ಎಂದರು.

ನಾನು ಅವರಿಗೆ ವರ್ಷದ ಲೆಕ್ಕ ಹೇಳಿದೆ. ಹೋದ ಬೇಸಿಗೆಯಲ್ಲಿ ಕುಡಿದದ್ದು ಬರುವ ಮುಂಗಾರಿಗೆ ಕಾಲಲ್ಲಿ ಬರುತ್ತದೆ. ಅದನ್ನು ತಪ್ಪಿಸಲು ಯಾರಿಂದಲೂ ಆಗದು. ಈ ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಹುಳು ಹೆಚ್ಚುತ್ತವೆ. ಅಷ್ಟರೊಳಗೆ ಬಾವಿಯಾದರೆ ಆಮೇಲಿನ ಮುಂಗಾರಿ ಉಳಿಯುತ್ತದೆ. ಇಲ್ಲದಿದ್ದರೆ ಅದೂ ಹೋದಂತೆ.

ಅವರು ಮೂಟೆಯಿಂದ ಹತ್ತಿ ಹಿಂಜತೊಡಗಿದರು. "ಅಂದ್ರ ನಾ ಇವತ್ತು ಮಾಡಿದ ತಪ್ಪು ಕಣ್ಣಿಗೆ ಕಾಣೂದು ಎರಡು ವರ್ಷದ ಮ್ಯಾಲ. ಅಷ್ಟರಾಗ ಯಾರು ಮಾಡಿದ್ದು ಅಂತ ಯಾರಿಗೂ ನೆನಪಿರೂದಿಲ್ಲ," ಎಂದರು. ಚಪ್ಪರದ ಕಡೆಯಿಂದ ಯಾರೋ ಕರೆದರು. "ನೋಡೂಣು" ಎಂದು ಹೇಳಿ ಹೋದರು.

ಸೈಕಲ್ ತುಳಿಯುತ್ತ ಹಿಂದಿರುಗುವಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಲಂಚ ತೆಗೆದುಕೊಂಡವರಾಗಿದ್ದರೆ ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಇಲ್ಲಿ ಯಾರೂ ಯಾರನ್ನೂ ಏನೂ ಬೇಡಿರಲಿಲ್ಲ. ಊಟದ ನಡುವೆ ಒಂದು ಮಾತು ಬಂದಿತ್ತು, ಒಂದೂರಿನ ಹೆಸರು ಹೋಗಿತ್ತು.

ಹಾಲಗಟ್ಟಿಯಲ್ಲಿ ನಾನು ರಾಜಕೀಯ ಮಾತಾಡುವಂತಿರಲಿಲ್ಲ, ಸರಕಾರಿ ನೌಕರ. ಆದರೆ ಕಿರಾಣಿ ಅಂಗಡಿಯ ಜಿನ್ನಪ್ಪ ಮಾಲು ತರಲು ಜಮಖಂಡಿಗೆ ಹೋದಾಗ ಪೇಟೆಯಲ್ಲೇ ಸುದ್ದಿ ಕೇಳಿಕೊಂಡು ಬಂದಿದ್ದ. ಮಾಳವ್ವ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ, "ಗೌಂಡ್ಯಾರು ಬರೂದಿಲ್ಲಂತ, ಖರೆ ಏನ್ರಿ?" ಎಂದು ಕೇಳಿದಳು. ಖರೆ ಎಂದೆ. "ಮತ್ತ ನಮ್ಮ ಕೈಯಾಗ ಏನೈತಿ ಅದನ್ನರ ಹೇಳ್ರಿ" ಎಂದಳು.

ಅವಳನ್ನು ಜಿನ್ನಪ್ಪನ ಮನೆಗೆ ಕರೆದುಕೊಂಡು ಹೋದೆ. ಜಿನ್ನಪ್ಪನ ತಾಯಿ ಪದ್ಮವ್ವ ಕೊಡದ ಬಾಯಿಗೆ ಎರಡು ಪದರಿನ ದಪ್ಪ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಅವರ ಧರ್ಮದಲ್ಲಿ ಸೋಸದ ನೀರು ಕುಡಿಯುವಂತಿಲ್ಲ. ಇಡೀ ಊರಿನಂತೆ ಅವರೂ ಅದೇ ಬಾವಿಯ ನೀರನ್ನೇ ತರುತ್ತಿದ್ದರು. ಆ ಮನೆಯಲ್ಲಿ ಯಾರ ಕಾಲಿಗೂ ನಾರು ಬಂದದ್ದಿಲ್ಲ. ನೀರು ಸೋಸಿ ಕುಡಿಯಿರಿ ಎಂದು ನಾನು ಮಳೆಗಾಲವೆಲ್ಲ ಹೇಳಿದ್ದು ಊರವರ ಕಿವಿಗೆ ಬಿದ್ದಿರಲಿಲ್ಲ. ಮಾಳವ್ವ ಪದ್ಮವ್ವನ ಪಾದಗಳನ್ನೇ ನೋಡುತ್ತ ನಿಂತಳು. ಬೆರಳ ತುದಿಯ ತನಕ ಕಲೆಯಿಲ್ಲದ ಪಾದಗಳು.

ಸೋಸಿದ ಬಟ್ಟೆಯನ್ನು ಪದ್ಮವ್ವ ಬೇರೆ ನೀರಲ್ಲಿ ಜಾಲಿಸಿ, ಆ ನೀರನ್ನು ಜೋಪಾನವಾಗಿ ಬಾವಿಗೇ ಒಯ್ದು ಬಿಡುತ್ತಿದ್ದಳು. "ನೆಲದ ಮ್ಯಾಲ ಚೆಲ್ಲರಿ ಅವ್ವಾರ, ಅವು ಸಾಯಬೇಕು" ಎಂದೆ. "ನೀರಾಗಿನ ಜೀವ ನೀರಿಗೇ ಹೋಗಬೇಕಪಾ. ಬ್ಯಾರೆದವ್ರಿಗೆ ನೀ ಹೆಂಗರ ಹೇಳು, ನನಗ ಹೇಳಬ್ಯಾಡ" ಎಂದಳು ಶಾಂತವಾಗಿ. ನಾನು ವಾದ ಮಾಡಲಿಲ್ಲ.

ಮುಂದಿನ ಸಂತೆಗೆ ಮಾಳವ್ವ ಕಂಬಳಿಯ ಬಂಡಿಯ ಜೊತೆ ಬನಹಟ್ಟಿಗೆ ಹೋದಳು. ಅಲ್ಲಿ ನೇಕಾರರೊಬ್ಬರಿಗೆ ಕಂಬಳಿ ಕೊಟ್ಟು, ಬದಲಿಗೆ ಎಳೆ ಒತ್ತಾಗಿ ನೇಯ್ದ ಬಟ್ಟೆ ತಂದಳು. "ನಾರಿನ ಕತಿ ಕೇಳಿ, ಇನ್ನೂ ಒತ್ತಿ ನೇಯ್ದು ಕೊಡತೇನಿ ತಂಗೀ, ಮುಂದಿನ ಸಂತಿಗೆ ಬಾ ಅಂದ್ರರಿ" ಎಂದು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು. ಚಳಿಗಾಲ ಬರುವ ಹೊತ್ತಿಗೆ ಬಹಳಷ್ಟು ಮನೆಗಳ ಕೊಡಕ್ಕೆ ಬಟ್ಟೆ ಬಂದಿತ್ತು. ಆದರೆ ಹೊಲಕ್ಕೆ ಹೋದವರು, ಕುರಿ ಕಾಯುವವರು ದಾರಿಯಲ್ಲಿ ಬಾಯಾರಿದರೆ ಬಾವಿಗಿಳಿದು ಬೊಗಸೆಯಲ್ಲೇ ಕುಡಿಯುತ್ತಿದ್ದರು. ಬಟ್ಟೆಯಿಂದ ಅರ್ಧ ಕೆಲಸ. ಉಳಿದರ್ಧಕ್ಕೆ ಕಲ್ಲು, ಗಾರೆ ಬೇಕಿತ್ತು.

ಸುಗ್ಗಿಗೆ ಮುಂಚೆ, ಚುನಾವಣೆ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಜೀಪು ಹಾಲಗಟ್ಟಿಗೆ ಬಂತು. ವಕೀಲರ ಜೊತೆ ಮಲ್ಲಪ್ಪ ಸಾಹುಕಾರರೂ ಇದ್ದರು. ದೊಡ್ಡ ಮೈಯ, ಗಂಭೀರ ಮನುಷ್ಯ. ಇಳಿದವರೇ ಬೀರದೇವರ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು. ಊರವರೂ ಅವರಿಗೆ ಕೈ ಮುಗಿದರು. ನಾನು ಬಾವಿಗೆ ಔಷಧ ಹಾಕಲು ಬಂದಿದ್ದೆ. ಡಬ್ಬಿ ಹಿಡಿದು ಹಿಂದೆ ನಿಂತೆ.

ವಕೀಲರು ಸ್ವರಾಜ್ಯದ ಬಗ್ಗೆ ಚೆನ್ನಾಗಿ ಮಾತಾಡಿದರು. ಶಾಲೆ ಬರುತ್ತದೆ, ರಸ್ತೆ ಬರುತ್ತದೆ ಎಂದರು. ಬಾವಿಯ ಮಾತಿಗೆ ಬಂದಾಗ ಮಾತ್ರ ಸ್ವಲ್ಪ ತಡವರಿಸಿ, "ಮುಂದಿನ ವರ್ಷ" ಎಂದರು.

ಬೀರಪ್ಪ ಎದ್ದು ನಿಂತ. ಗುಂಪಿನಲ್ಲಿ ಮಾತಾಡಿ ರೂಢಿಯಿಲ್ಲದವನು. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ವಕೀಲ್ರ, ಮುಂದಿನ ಬಿತ್ತಿಗಿ ನಮಗಿಲ್ಲರಿ. ಆ ನಾರು ಹ್ವಾದ ಬ್ಯಾಸಗ್ಯಾಗನ ಹೊಟ್ಟ್ಯಾಗ ಹೋಗಿ ಕುಂತೈತಿ. ಅದಕ್ಕ ನೀವೂ ಏನೂ ಮಾಡಾಕ ಬರೂದಿಲ್ಲ, ಸಾಹುಕಾರ್ರೂ ಏನೂ ಮಾಡಾಕ ಬರೂದಿಲ್ಲ. ನಾವು ಕೇಳಾಕತ್ತಿದ್ದು ಅದರ ಆಚಿ ಬಿತ್ತಿಗೀರಿ. ನೀವು ಒಂದ ವರ್ಸ ಅಂದ್ರ ನಮಗದು ಎರಡು."

ಅವನು ರುಮಾಲು ಸುತ್ತಿಕೊಂಡು ಕೂತ. ಹೆಂಗಸರ ಗುಂಪಿನಿಂದ ಮಾಳವ್ವನ ದನಿ ಬಂತು. ಅವಳು ಮಾತಾಡಿದ್ದು ಸಾಹುಕಾರರ ಕಡೆ ತಿರುಗಿ.

"ಸಾಹುಕಾರ್ರ, ನಿಮ್ಮ ಅಜ್ಜಾರು ಬಾಂವಿ ತೋಡಸೂವಾಗ ನಮ್ಮಜ್ಜಿ ಅಲ್ಲಿ ಕಲ್ಲು ಹೊತ್ತಾಳ. ಆ ಕೂಲಿಲೆ ನಮ್ಮ ಮಂದಿ ಬರ ದಾಟಿದ್ರು. ಅದನ್ನ ನಾವು ಮರತಿಲ್ಲರಿ. ಆದ್ರ ಅವರು ತೋಡಸಿದ್ದು ನೀರಿಗೆ. ಮೆಟ್ಟಲಕ್ಕಲ್ಲ."

ಸಾಹುಕಾರರ ಮುಖ ಕೆಂಪಾಯಿತು. ಅವರ ಕಣ್ಣು ಗುಂಪಿನ ಮೇಲೆ ಹಾದು ನನ್ನ ಮೇಲೆ ನಿಂತಿತು. "ಇವರಿಗೆ ಯಾರೋ ಹೇಳಿಕೊಟ್ಟಾರ" ಎಂದರು.

"ಯಾರೂ ಹೇಳಿಕೊಡೂದು ಬ್ಯಾಡ್ರಿ ಸಾಹುಕಾರ್ರ," ಎಂದರು ವಕೀಲರು. "ಕಾಲು ಅವರವು." ಆಮೇಲೆ ಊರವರ ಕಡೆ ತಿರುಗಿ, "ನಾ ಕೊಟ್ಟ ಮಾತು ತಪ್ಪಿದ್ದೆ. ಈ ತಿಂಗಳದಾಗ ಗೌಂಡ್ಯಾರು ಬರ್ತಾರ" ಎಂದರು.

ಸಾಹುಕಾರರು ಜಗಳವಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಜೀಪಿನ ಕಡೆ ನಡೆದರು. ನನ್ನ ಹತ್ತಿರ ಬಂದಾಗ ನಿಂತು, "ನಿಮ್ಮ ನೌಕರಿ ಖಾಯಂ ಆಗೇತೇನ್ರಿ?" ಎಂದು ಕೇಳಿದರು. "ಇನ್ನೂ ಇಲ್ರಿ" ಎಂದೆ. ತಲೆಯಾಡಿಸಿ ಜೀಪು ಹತ್ತಿ ಕೂತರು. ಜೀಪು ವಕೀಲರನ್ನು ಬಿಟ್ಟೇ ಹೊರಟು ಹೋಯಿತು. ಧೂಳು ಇಳಿಯುವ ತನಕ ಎಲ್ಲರೂ ಅದೇ ದಿಕ್ಕು ನೋಡುತ್ತ ನಿಂತೆವು. ಮೊದಲು ನಕ್ಕವರು ವಕೀಲರೇ. "ಆತು, ನಿಮ್ಮೂರಾಗ ಸಿಕ್ಕೊಂಡೆ" ಎಂದರು.

ಬೀರಪ್ಪ ಬಂಡಿ ಹೂಡಿದ. ದೊಡ್ಡ ರಸ್ತೆಯ ತನಕ ನಾನು ಬಂಡಿಯ ಪಕ್ಕ ಸೈಕಲ್ ನೂಕಿಕೊಂಡು ನಡೆದೆ. ಹೊಲದಲ್ಲಿ ಜೋಳ ಹೊಡೆ ಹಾಯ್ದಿತ್ತು. ಸಂಜೆಯ ಗಾಳಿ ತಣ್ಣಗಿತ್ತು. ವಕೀಲರು ಬಂಡಿಯಿಂದ ನನ್ನ ಕಡೆ ಬಗ್ಗಿದರು.

"ಇವತ್ತೇನೋ ಅಂದುಬಿಟ್ಟೆ. ಆದ್ರ ನಾಳೆ ಆರಿಸಿ ಬಂದ್ರ ಮತ್ತ ಯಾರದರ ಮನ್ಯಾಗ ಉಣ್ಣತೇನಿ, ಯಾರದರ ಗಾಡ್ಯಾಗ ಕುಂಡ್ರತೇನಿ. ನಾ ಏನು ದೇವರಲ್ಲ. ಊಟಕ್ಕ ಕುಂತಾಗ ಅವರು ಒಂದ ಮಾತು ಅಂದ್ರ, ಬೆರಳು ಮಾಡಿ ತೋರಸಾಕ ನನಗೊಂದು ಗ್ವಾಡಿ ಬೇಕು ಇನ್ಸ್‌ಪೆಕ್ಟರ್ರ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಯಾವ ಊರಲ್ಲಿ ನಾರಿನವರು ಹೆಚ್ಚೋ ಆ ಊರಿಗೆ ಮೊದಲು ಬಾವಿ. ಆ ಕ್ರಮವನ್ನು ಬರೆದು ಪ್ರತಿ ಊರಿನ ಚಾವಡಿಯ ಗೋಡೆಗೆ ಹಚ್ಚಬೇಕು. ತಪ್ಪಿದ್ದರೆ ಊರವರೇ ಹೇಳಬೇಕು. ಒಮ್ಮೆ ಹಚ್ಚಿದ ಮೇಲೆ ಅಧ್ಯಕ್ಷನೂ ಅದನ್ನು ಬದಲಿಸುವಂತಿಲ್ಲ. "ಗ್ವಾಡಿ ಮ್ಯಾಲ ಐತಿ, ಮಂದಿ ಓದ್ಯಾರ, ನನ್ನ ಕೈಯಾಗಿಲ್ಲ ಅಂತ ಹೇಳಬಹುದು ನೋಡ್ರಿ," ಎಂದರು. "ಹಂಗ ಹೇಳಾಕ ಬಂದ್ರ ನಾನೂ ಉಳಿತೇನಿ."

ಮುಂದೆ ಬಂಡಿ ಹೊಡೆಯುತ್ತಿದ್ದ ಬೀರಪ್ಪ ಹಿಂದೆ ನೋಡದೆಯೇ, "ಓದಾಕ ಬರಲಾರದವ್ರಿಗೆ?" ಎಂದು ಕೇಳಿದ.

"ತಳವಾರ ಓದಿ ಹೇಳಬೇಕು. ಅದನ್ನೂ ಬರಿಯೂಣು," ಎಂದರು ವಕೀಲರು.

ಜೀಪು ಅವರಿಗೆ ಮತ್ತೆ ಸಿಗಲಿಲ್ಲ. ಮರುವಾರ ಅದು ಎದುರಾಳಿಯ ಬಾವುಟ ಕಟ್ಟಿಕೊಂಡು ಓಡಾಡಿತು. ವಕೀಲರು ಬಂಡಿಯಲ್ಲಿ, ಸೈಕಲ್ಲಿನಲ್ಲಿ, ಕೆಲವು ಕಡೆ ನಡೆದು ತಿರುಗಿದರು. ಸೋಲುತ್ತಾರೆಂದೇ ಪೇಟೆಯಲ್ಲಿ ಮಾತಿತ್ತು. ಮತದಾನದ ದಿನ ಹಾಲಗಟ್ಟಿಯ ಹೆಂಗಸರು ಹೊಸ ಸೀರೆಯುಟ್ಟು ಸಾಲಾಗಿ ನಡೆದು ಹೋದದ್ದನ್ನು ನಾನು ರಸ್ತೆಯಲ್ಲಿ ನೋಡಿದೆ. ವಕೀಲರು ಗೆದ್ದರು. ಜೀಪಿಲ್ಲದೆಯೂ ಗೆಲ್ಲಬಹುದೆಂದು ಅವರಿಗೇ ನಂಬಿಕೆ ಬರಲು ಕೆಲವು ದಿನ ಹಿಡಿಯಿತು.

ಗೌಂಡಿಗಳು ಹೇಳಿದ ತಿಂಗಳಲ್ಲೇ ಬಂದರು. ಕೆಳಗಿನ ಮೆಟ್ಟಿಲುಗಳನ್ನು ಕೀಳುವ ದಿನ ಮಲ್ಲಪ್ಪ ಸಾಹುಕಾರರು ಒಬ್ಬರೇ ಬಂದು ದಂಡೆಯ ಮೇಲೆ ನಿಂತರು. ಕೆಲಸ ನಿಂತಿತು. ತಡೆಯಾಜ್ಞೆ ತಂದಿರಬಹುದೆಂದು ಅವರ ಕೈಯನ್ನೇ ನೋಡಿದೆ. ಕೈ ಖಾಲಿಯಿತ್ತು. ಗೌಂಡಿಗಳು ಪಾಚಿ ಹಿಡಿದ ಆ ಹೆಸರಿನ ಕಲ್ಲನ್ನು ಮೇಲೆ ತಂದಿಟ್ಟಿದ್ದರು. ಮಾಳವ್ವ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಿದ್ದಳು. ಅಕ್ಷರ ಒಂದೊಂದಾಗಿ ಬಿಳಿಯಾಗುತ್ತಿದ್ದವು. ಸಾಹುಕಾರರು ಬಗ್ಗಿ ಓದಿದರು.

"ಇದನ್ನ ಎಲ್ಲಿ ಹಾಕ್ತೀರಿ?" ಎಂದು ಕೇಳಿದರು.

"ಮ್ಯಾಲಿನ ಕಟ್ಟಿಗೆ ಹಚ್ಚತೇವ್ರಿ," ಎಂದಳು ಮಾಳವ್ವ. "ಕೆಳಗ ಯಾರು ಓದತಿದ್ರು. ಇಲ್ಲಿ ಆದ್ರ ನೀರು ಸೇದೂವಾಗ ದಿನಾ ಕಾಣತೈತಿ."

ಅವರು ಏನೂ ಹೇಳದೆ ಹೋದರು. ವಕೀಲರನ್ನು ಅವರು ಮತ್ತೆ ಮಾತಾಡಿಸಿದ್ದು ನನಗೆ ಗೊತ್ತಿಲ್ಲ. ಆದರೆ ಎರಡು ದಿನದ ಮೇಲೆ ಅವರ ಜಿನ್ನಿನ ಬಂಡಿಯೊಂದು ನುಣುಪಾಗಿ ಅರೆದ ಸುಣ್ಣದ ಗಚ್ಚು ತಂದು ಇಳಿಸಿತು. ಅಜ್ಜಾರ ಕಲ್ಲಿಗೆ ಇದನ್ನೇ ಹಾಕಬೇಕಂತೆ ಎಂದು ಬಂಡಿಯವ ಹೇಳಿದ. ನನ್ನ ನೌಕರಿಗೂ ಏನೂ ಆಗಲಿಲ್ಲ.

ಆ ಬೇಸಿಗೆ ಹಾಲಗಟ್ಟಿಯವರು ಹಗ್ಗದಿಂದ ನೀರು ಸೇದಿ ಕುಡಿದರು. ಆಮೇಲೆ ಮುಂಗಾರು ಬಂತು. ನಾರು ಬಂದೇ ಬಂತು. ಬೀರಪ್ಪ ಮತ್ತೆ ಕಾಲು ಚಾಚಿ ಕೂತ. "ಮೆಟ್ಟಲಾ ಮುಚ್ಚಿ ಏನಾತ್ರಿ?" ಎಂದು ಹಿರಿಯರೊಬ್ಬರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಳವ್ವ ಉತ್ತರ ಕೊಟ್ಟಳು. "ಕಾಕಾ, ಇದು ಹಳೇ ನೀರು. ಇದು ಬರೂದ ಇತ್ತು. ಹೊಸಾ ನೀರಿಂದು ಇನ್ನೂ ಬರಬೇಕು, ತಡೀರಿ." ಆ ಹಿರಿಯರು ನಂಬಿದರೋ ಇಲ್ಲವೋ. ಹೊಸ ಬಾವಿಯಿಂದಲೇ ಸೇದಿಕೊಂಡು ಹೋದರು.

ಮಳೆಗಾಲದ ನಡುವೆ ನನಗೆ ಮುಧೋಳದ ಕಡೆ ವರ್ಗವಾಯಿತು. ಅಷ್ಟರಲ್ಲಿ ವಕೀಲರ ಗೋಡೆಯ ಕ್ರಮ ಜಿಲ್ಲೆಗೆಲ್ಲ ಜಾರಿಗೆ ಬಂದಿತ್ತು. ಮುಧೋಳದ ಊರುಗಳ ಚಾವಡಿಗಳಲ್ಲೂ ನಾನೇ ಅಂಟು ಹಚ್ಚಿ ಕಾಗದ ಅಂಟಿಸಿದೆ. ತಳವಾರ ಓದಿ ಹೇಳುವಾಗ ಜನ ತಿದ್ದುತ್ತಿದ್ದರು. ನಮ್ಮ ಓಣಿಯಲ್ಲಿ ಇನ್ನೂ ಇಬ್ಬರಿಗಿದೆ, ಬರೆದುಕೊಳ್ಳಿ ಎನ್ನುತ್ತಿದ್ದರು. ವಕೀಲರು ಒಮ್ಮೆ ಸಿಕ್ಕಾಗ, ಬೇರೊಬ್ಬ ಸಾಹುಕಾರರ ಮನೆಯಲ್ಲಿ ಊಟಕ್ಕೆ ಕೂತಾಗ ಮತ್ತೆ ಅಂಥದೇ ಮಾತು ಬಂದಿತ್ತೆಂದೂ, ತಾವು ಗೋಡೆ ತೋರಿಸಿದಾಗ ಅವರು ಇನ್ನೊಂದು ಹೋಳಿಗೆ ನೀಡಿ ಸುಮ್ಮನಾದರೆಂದೂ ಹೇಳಿ ನಕ್ಕರು.

ಮರುವರ್ಷ ಮೊದಲ ಮಳೆ ಬಿದ್ದ ಸುದ್ದಿ ಕೇಳಿ ಎರಡು ದಿನ ರಜೆ ಹಾಕಿ ಹಾಲಗಟ್ಟಿಗೆ ಹೋದೆ. ರಾತ್ರಿಯ ಮಳೆಗೆ ದಾರಿ ಇನ್ನೂ ಅಂಟುತ್ತಿತ್ತು. ಸೈಕಲ್ಲನ್ನು ಅರ್ಧ ದಾರಿ ಹೊತ್ತೇ ನಡೆದೆ. ಊರಲ್ಲಿ ಒಂದು ನಾಯಿ, ತೊಟ್ಟಿಲು ತೂಗುವ ಒಬ್ಬಳು ಮುದುಕಿ, ಅಂಗಡಿಯ ಬಾಗಿಲಲ್ಲಿ ಪದ್ಮವ್ವ. "ಎಲ್ಲಿ ಅವ್ವಾರ, ಯಾರೂ ಕಾಣವಲ್ರು?" ಎಂದೆ. ಅವಳು ಹೊಲದ ಕಡೆ ಕೈ ಮಾಡಿದಳು.

ದಿನ್ನೆ ಹತ್ತಿ ನೋಡಿದೆ. ಕಣ್ಣು ಹಾಯುವಷ್ಟು ದೂರ ಕೂರಿಗೆಗಳು. ಗಂಡಸರು ಎತ್ತು ಹೊಡೆಯುತ್ತಿದ್ದರು, ಹೆಂಗಸರು ಹಿಂದೆ ಬೀಜ ಬಿಡುತ್ತಿದ್ದರು. ಬೀರಪ್ಪ ಬರಿಗಾಲಲ್ಲಿ ಹಸಿ ಮಣ್ಣಿನ ಮೇಲೆ ದಪದಪ ನಡೆಯುತ್ತಿದ್ದ. ನಾನು ಬದುವಿನ ಮೇಲೆ ನಿಂತು ಕೂಗಿದೆ. ಅವನು ಕೈಯೆತ್ತಿದ, ಎತ್ತು ನಿಲ್ಲಿಸಲಿಲ್ಲ.

"ಸಾಹೇಬ್ರ, ಕುಂಡ್ರಿ. ಈಗ ಮಾತಾಡಾಕ ಪುರಸತ್ತಿಲ್ರಿ, ಹಸಿ ಆರತೈತಿ," ಎಂದು ಕೂಗಿ ಹೇಳಿ, ಎತ್ತುಗಳನ್ನು ಇನ್ನೊಂದು ಸಾಲಿಗೆ ತಿರುಗಿಸಿದ.